ಹಲಸಿನ ಹುಡಿ, ನೇರಳೆ ಬೀಜ, ಶುಗರ್ ಮೀಟರ್: ಹನ್ನೆರಡು ವಾರ ನೋಡುವ ಕ್ರಮ

ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಕನ್ನಡ ಮನೆಗಳಲ್ಲಿ ಸಕ್ಕರೆ ಕಾಯಿಲೆಯವರ ಮಾತ್ರೆ ಡಬ್ಬಿಯ ಪಕ್ಕದಲ್ಲಿ ಇನ್ನೊಂದು ಸಾಲು ಇದ್ದೇ ಇರುತ್ತದೆ: ನೇರಳೆ ಬೀಜದ ಪುಡಿ, ನೆಲ್ಲಿಕಾಯಿ ರಸ, ಹಾಗಲಕಾಯಿ ಕ್ಯಾಪ್ಸೂಲ್, ಊರಿನಿಂದ ಬಂದ ಹಲಸಿನ ಹುಡಿ, ಯಾರೋ ಪರಿಚಯದವರು ಮಾರಿದ ನೋನಿ ಬಾಟಲಿ. ಇದರಿಂದ ಶುಗರ್ ಇಳಿಯಿತಾ ಎಂದು ಕೇಳಿದರೆ ಇಳಿಯಿತು ಎನ್ನುತ್ತಾರೆ. ಎಷ್ಟಿತ್ತು, ಎಷ್ಟಾಯಿತು, ನಡುವೆ ಬೇರೆ ಏನು ಬದಲಾಯಿತು ಎಂದು ಕೇಳಿದರೆ ಬರೆದಿಟ್ಟದ್ದು ಸಿಗುವುದಿಲ್ಲ. ಲ್ಯಾಬ್ ಕೆಲಸ ತಿಳಿದವರು, ಆಹಾರ ಸಲಹೆ ಕೊಡುವವರು ಸೇರಿ ಇಂಥ ಮನೆಗಳಲ್ಲಿ ನಾವು ಮಾಡಿಸುವ ಕ್ರಮವೊಂದಿದೆ. ಅದನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ.

ಯಾವಾಗ ಶುರು ಮಾಡಬೇಕು ಎಂಬುದೇ ಅರ್ಧ ಫಲಿತಾಂಶವನ್ನು ನಿರ್ಧರಿಸುತ್ತದೆ. ಮುಂಬೈಯಲ್ಲಿ ಏಪ್ರಿಲ್, ಮೇ ಎಂದರೆ ಹಾಪುಸ್ ಮಾವಿನ ಕಾಲ. ಮನೆಯಲ್ಲಿ ಪೆಟ್ಟಿಗೆ ಇರುತ್ತದೆ, ಆಮ್ರಸ-ಪೂರಿ ಆಗುತ್ತಿರುತ್ತದೆ, ಶುಗರ್ ಏರುತ್ತದೆ. ಜೂನ್ ಬರುವ ಹೊತ್ತಿಗೆ ಮಾವು ಮುಗಿಯುತ್ತದೆ, ನೇರಳೆ ಹಣ್ಣು ಮಾರುಕಟ್ಟೆಗೆ ಬರುತ್ತದೆ. ಆಗ ನೇರಳೆ ಬೀಜದ ಪುಡಿ ಶುರು ಮಾಡಿದವರಿಗೆ ಜುಲೈಯಲ್ಲಿ ಶುಗರ್ ಇಳಿದೇ ಇಳಿಯುತ್ತದೆ. ಇಳಿಸಿದ್ದು ಮಾವು ನಿಂತದ್ದು, ಹೆಸರು ಹೋಗುವುದು ಪುಡಿಗೆ. ಇದೇ ರೀತಿ, ಕೆಟ್ಟ ರಿಪೋರ್ಟ್ ಬಂದ ಮರುದಿನ ಶುರು ಮಾಡಿದವರದ್ದೂ ಲೆಕ್ಕಕ್ಕೆ ಬರುವುದಿಲ್ಲ. ಆ ರಿಪೋರ್ಟ್ ನೋಡಿ ಡಾಕ್ಟರು ಮೆಟ್‌ಫಾರ್ಮಿನ್ ಹೆಚ್ಚಿಸಿರುತ್ತಾರೆ, ಹೆದರಿ ಇವರೂ ಚಹಾದ ಸಕ್ಕರೆ ಬಿಟ್ಟಿರುತ್ತಾರೆ, ಸಂಜೆ ನಡೆಯಲು ಹೋಗುತ್ತಿರುತ್ತಾರೆ. ಹಾಗಾಗಿ ಔಷಧಿಯ ಪ್ರಮಾಣ ಕೊನೆಯ ಎರಡು ತಿಂಗಳಿಂದ ಬದಲಾಗಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆಯೇ ನಾವು ಕೈಹಾಕುವುದು. ಮಾವಿನ ಕಾಲ, ಗಣೇಶ ಚತುರ್ಥಿಯ ಮೋದಕ, ದೀಪಾವಳಿಯ ಫರಾಳ (ಹಬ್ಬದ ಕುರುಕಲು, ಸಿಹಿತಿಂಡಿ) ಈ ಮೂರೂ ಹನ್ನೆರಡು ವಾರದ ಆರಂಭಕ್ಕೋ ಕೊನೆಗೋ ಸಿಗದಂತೆ ನೋಡಿಕೊಳ್ಳುತ್ತೇವೆ. ದೀಪಾವಳಿ ಮುಗಿದು ಎರಡು ವಾರದ ನಂತರ ಶುರು ಮಾಡಿದರೆ ಮಾವಿನ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

"ಮದ್ದು ನಿಲ್ಲಿಸಿ ಇದನ್ನೇ ತಗೊಂಡ್ರೆ ಆಗ್ತದಾ?" ಎಂಬ ಪ್ರಶ್ನೆ ಬರದ ಮನೆಯಿಲ್ಲ. ಆಗುವುದಿಲ್ಲ. ಮಾತ್ರೆ, ಇನ್ಸುಲಿನ್ ಇದ್ದ ಹಾಗೆಯೇ ಮುಂದುವರಿಯಬೇಕು, ಈ ಕ್ರಮ ಶುರುವಾಗುವುದನ್ನು ಡಾಕ್ಟರಿಗೆ ಮೊದಲೇ ಹೇಳಿರಬೇಕು. ಗರ್ಭಿಣಿಯರಿಗೆ, ಟೈಪ್ 1 ಮಧುಮೇಹದವರಿಗೆ, ಮಕ್ಕಳಿಗೆ, ಕಿಡ್ನಿ ದುರ್ಬಲವಾಗಿದೆ ಎಂದು ಡಾಕ್ಟರು ಹೇಳಿದವರಿಗೆ, ಆಪರೇಷನ್‌ಗೆ ದಿನ ಗೊತ್ತಾದವರಿಗೆ ನಾವು ಮಾಡಿಸುವುದಿಲ್ಲ. ಆರಂಭದಲ್ಲೇ ಲ್ಯಾಬ್‌ನಲ್ಲಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಶುಗರ್‌ನ ಸರಾಸರಿ ತೋರಿಸುವ ರಕ್ತಪರೀಕ್ಷೆ) ಮಾಡಿಸಬೇಕು. ಅದು 9 ದಾಟಿದ್ದರೆ ಹುಡಿಯ ಮಾತು ಬೇಡ, ಮೊದಲು ಔಷಧಿ ಸರಿಹೋಗಲಿ. ಚೀಟಿಯಲ್ಲಿರುವ ಮಾತ್ರೆಗಳ ಹೆಸರನ್ನೂ ನೋಡಿಕೊಳ್ಳಬೇಕು. ಬರೀ ಮೆಟ್‌ಫಾರ್ಮಿನ್ ಇದ್ದರೆ ಶುಗರ್ ತೀರಾ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ಇದ್ದರೆ ಅನ್ನ ಕಡಿಮೆಯಾದ ದಿನವೇ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಉತ್ಸಾಹಕ್ಕೆ ಬಿದ್ದು ಅನ್ನ-ಚಪಾತಿ ಪೂರ್ತಿ ಬಿಡಬಾರದು. ಶುಗರ್ ಹೆಚ್ಚಿಲ್ಲದಿದ್ದಾಗಲೂ ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಅಪಾಯ ಅವರಿಗಿದೆ.

ಇನ್ನು ಅಳತೆಯ ವಿಷಯ. ಹೆಚ್ಚು ತಪ್ಪುಗಳು ಇಲ್ಲೇ ಆಗುವುದರಿಂದ ನಾವು ಹೆಚ್ಚು ಹೊತ್ತು ಕೂರುವುದೂ ಇದಕ್ಕೇ.

ಮನೆಯ ಮೀಟರ್‌ಗಳಿಗೆ ಐಎಸ್‌ಒ 15197:2013 ಎಂಬ ಮಾನದಂಡ ಇದೆ. ಅದರ ಪ್ರಕಾರ ನೂರರಲ್ಲಿ 95 ರೀಡಿಂಗ್‌ಗಳು ಲ್ಯಾಬ್ ಮೌಲ್ಯದ ಹತ್ತಿರ ಬರಬೇಕು. ಹತ್ತಿರ ಎಂದರೆ 100ಕ್ಕಿಂತ ಕೆಳಗೆ ಆಚೀಚೆ 15 ಮಿಲಿಗ್ರಾಂ, 100 ಮತ್ತು ಅದರ ಮೇಲೆ ಶೇಕಡಾ 15. ಅಂದರೆ ನಿಜವಾದ ಶುಗರ್ 150 ಇದ್ದಾಗ ಮೀಟರ್ 128 ತೋರಿಸಿದರೂ ಸರಿ, 172 ತೋರಿಸಿದರೂ ಸರಿ. ನಿನ್ನೆ 162 ಇತ್ತು, ಪುಡಿ ತಗೊಂಡ ಮೇಲೆ ಇವತ್ತು 145 ಎನ್ನುವುದರಲ್ಲಿ ಪುಡಿಯ ಕೆಲಸ ಏನೂ ಕಾಣಿಸಿಲ್ಲ. ಹಣ್ಣಿನ ಪುಡಿಗಳಿಂದ ಸಿಗಬಹುದಾದ ಲಾಭ ಇದ್ದರೂ ಸಣ್ಣದು, ಒಂದೇ ರೀಡಿಂಗ್‌ನ ಏರುಪೇರು ಅದಕ್ಕಿಂತ ದೊಡ್ಡದು. ಆದ್ದರಿಂದ ಒಂದೇ ಬಗೆಯ ಹಲವು ರೀಡಿಂಗ್‌ಗಳ ಸರಾಸರಿ ಬೇಕು. ಮೀಟರ್ ಒಂದೇ ಇರಬೇಕು, ಸ್ಟ್ರಿಪ್‌ಗಳೂ ಒಂದೇ ಲಾಟ್ ನಂಬರಿನವು, ಅಂದರೆ ಒಂದೇ ಕಂತಿನಲ್ಲಿ ತಯಾರಾದವು ಇರಬೇಕು. ಲಾಟ್ ಬದಲಾದರೆ ಎಲ್ಲ ರೀಡಿಂಗ್‌ಗಳೂ ಒಟ್ಟಿಗೆ ಸ್ವಲ್ಪ ಮೇಲೋ ಕೆಳಗೋ ಜರುಗಬಹುದು, ಅದು ಹುಡಿಯ ಪರಿಣಾಮದಂತೆಯೇ ಕಾಣುತ್ತದೆ.

ಲೆಕ್ಕ ಹೀಗೆ. ರಜೆಯ ಎರಡು ಬೆಳಿಗ್ಗೆ ಜೋಡಿ ರೀಡಿಂಗ್: ತಿಂಡಿಗೆ ಮೊದಲು ಒಂದು, ಮೊದಲ ತುತ್ತು ಬಾಯಿಗಿಟ್ಟ ಸಮಯದಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಂದು. ವಾರದ ನಡುವೆ ಖಾಲಿ ಹೊಟ್ಟೆಯದು ಒಂದು. ವಾರಕ್ಕೆ 5 ಸ್ಟ್ರಿಪ್. ಆರಂಭದ 2 ವಾರ, ಹುಡಿಯ 12 ವಾರ, ನಿಲ್ಲಿಸಿ ನೋಡುವ 2 ವಾರ ಸೇರಿ 80 ಸ್ಟ್ರಿಪ್ ಆಗುತ್ತದೆ. ಐವತ್ತರ ಎರಡು ಡಬ್ಬಿ ಒಂದೇ ಸಲ, ಲಾಟ್ ನಂಬರ್ ಹೊಂದಿಸಿ ಕೊಳ್ಳಬೇಕು. ಉಳಿದ 20 ಹಾಳಾಗುವುದಕ್ಕೆ, ಶುಗರ್ ಇಳಿದಂತೆ ಅನ್ನಿಸಿದಾಗ ನೋಡುವುದಕ್ಕೆ. ಮೊದಲ ಡಬ್ಬಿ ಮುಗಿಯುವವರೆಗೆ ಎರಡನೆಯದನ್ನು ತೆರೆಯಬಾರದು, ಏಕೆಂದರೆ ಹಲವು ಬ್ರಾಂಡುಗಳಲ್ಲಿ ಡಬ್ಬಿ ತೆರೆದ ಮೇಲೆ ಆಯುಷ್ಯ ಮೂರೋ ಆರೋ ತಿಂಗಳು ಮಾತ್ರ. ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆಯಿರಿ. ಮುಂಬೈಯ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಕೆಡುತ್ತದೆ. ನಾಲ್ಕು ಸ್ಟ್ರಿಪ್ ತೆಗೆದು ಪರ್ಸಿನಲ್ಲಿ, ಮಾತ್ರೆ ಕವರಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಬಹಳ ಜನರಿಗಿದೆ. ಆ ಸ್ಟ್ರಿಪ್ ಕೊಡುವ ಸಂಖ್ಯೆಯನ್ನು ನಂಬಲಾಗದು. ಫ್ರಿಜ್ಜಿನಲ್ಲೂ ಇಡಬಾರದು, ಹೊರಗೆ ತೆಗೆದಾಗ ಬೆವರುತ್ತದೆ. ಅಡುಗೆ ಒಲೆಯಿಂದ ದೂರ, ಕಪಾಟಿನೊಳಗೆ, ಮುಚ್ಚಳ ಒತ್ತಿ ಹಾಕಿ ಇಟ್ಟರೆ ಸಾಕು.

ಕೈ ತೊಳೆಯುವುದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. 2011ರಲ್ಲಿ ಜಪಾನಿನ ಸಂಶೋಧಕರು ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣು ಸುಲಿದ ಬೆರಳಿನಿಂದ ರಕ್ತ ತೆಗೆದಾಗ ಮೀಟರ್ ವಿಪರೀತ ಹೆಚ್ಚು ತೋರಿಸಿತು. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಹಾಗೆಯೇ. ನಲ್ಲಿ ನೀರಿನಲ್ಲಿ ತೊಳೆದ ಮೇಲೆ ಸರಿಯಾಯಿತು. ಹಣ್ಣಿನ ಪುಡಿ, ರಸ ಮುಟ್ಟುವ ನಮ್ಮ ಕ್ರಮಕ್ಕೆ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ, ಬೆರಳ ತುದಿಯ ಮಧ್ಯೆ ಚುಚ್ಚದೆ ಪಕ್ಕಕ್ಕೆ ಚುಚ್ಚಿ. ಒದ್ದೆ ಬೆರಳಿದ್ದರೆ ರಕ್ತ ತೆಳುವಾಗಿ ಕಡಿಮೆ ತೋರಿಸುತ್ತದೆ. ರಕ್ತ ಬರಲಿಲ್ಲವೆಂದು ಬೆರಳನ್ನು ಹಿಂಡಬೇಡಿ, ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಟ್ಟು ಮತ್ತೆ ನೋಡಿ. ಮೀಟರ್ ಸರಿಯಿದೆಯೇ ಎಂದು ಲ್ಯಾಬ್ ರಿಪೋರ್ಟ್ ಜೊತೆ ಹೋಲಿಸುವವರು ಖಾಲಿ ಹೊಟ್ಟೆಯ ರೀಡಿಂಗನ್ನೇ ಹೋಲಿಸಬೇಕು. ಊಟದ ನಂತರ ಬೆರಳಿನ ರಕ್ತದಲ್ಲಿ ಗ್ಲೂಕೋಸ್ ತೋಳಿನ ನಾಳದ ರಕ್ತಕ್ಕಿಂತ ಸಹಜವಾಗಿಯೇ ಹೆಚ್ಚಿರುತ್ತದೆ, ಆಗ ಮೀಟರ್ ಕೆಟ್ಟಿದೆ ಎಂದು ತಪ್ಪು ತಿಳಿಯುತ್ತಾರೆ.

ಜೋಡಿ ರೀಡಿಂಗ್‌ನ ತಿಂಡಿ ಪ್ರತಿ ಸಲವೂ ಒಂದೇ ಇರಬೇಕು, ತೂಗಿ ಇರಬೇಕು. ಇಡ್ಲಿಯಾದರೆ ಅದೇ ತಟ್ಟೆಯ ಮೂರು ಇಡ್ಲಿ, ಅಳೆದ ಒಂದು ಸೌಟು ಸಾಂಬಾರು, ಸಕ್ಕರೆ ಇಲ್ಲದ ಚಹಾ. ಒಂದು ವಾರ ಇಡ್ಲಿ, ಮುಂದಿನ ವಾರ ಪೋಹೆ (ಅವಲಕ್ಕಿ) ಎಂದಾದರೆ ಹೋಲಿಕೆಗೆ ಅರ್ಥವಿಲ್ಲ. ಬರೆಯಬೇಕಾದ ಮುಖ್ಯ ಸಂಖ್ಯೆ ಏರಿಕೆ. ತಿಂಡಿಗೆ ಮೊದಲು 128, ಎರಡು ಗಂಟೆಗೆ 196 ಆದರೆ ಏರಿಕೆ 68. ಆರಂಭದ ಎರಡು ವಾರದಲ್ಲಿ ನಾಲ್ಕು ಜೋಡಿ ಸಿಗುತ್ತವೆ. ಅವು 68, 55, 81, 60 ಎಂದಿದ್ದರೆ ಸರಾಸರಿ 66. ಹುಡಿ ಶುರುವಾದ ಮೇಲೆ ಹೋಲಿಸಬೇಕಾದದ್ದು ಈ 66ರ ಜೊತೆ.

ಖಾಲಿ ಹೊಟ್ಟೆಯ ರೀಡಿಂಗ್ ಪಕ್ಕದಲ್ಲಿ ಹಿಂದಿನ ರಾತ್ರಿ ಉಂಡ ಸಮಯ ಬರೆಯಬೇಕು. ಸಿಎಸ್‌ಎಂಟಿಯಿಂದ ಫಾಸ್ಟ್ ಲೋಕಲ್ ಹಿಡಿದು ಮನೆ ಮುಟ್ಟಿ ಹತ್ತೂವರೆಗೆ ಉಂಡವರ ಬೆಳಗಿನ ಶುಗರ್, ಎಂಟಕ್ಕೆ ಉಂಡವರದಕ್ಕಿಂತ ಬೇರೆಯೇ ಇರುತ್ತದೆ. ಸಂಜೆ ಸ್ಟೇಷನ್ ಹೊರಗೆ ತಿಂದ ವಡಾಪಾವ್ ಕೂಡ ಪುಸ್ತಕಕ್ಕೆ ಬರಬೇಕು. ಜ್ವರ, ಹಲ್ಲುನೋವು, ಮೊಣಕಾಲಿಗೆ ಕೊಟ್ಟ ಸ್ಟೀರಾಯ್ಡ್ ಇಂಜೆಕ್ಷನ್ ಇವೆಲ್ಲ ಶುಗರ್ ಏರಿಸುತ್ತವೆ. ಅಂಥ ವಾರದ ರೀಡಿಂಗ್‌ಗಳನ್ನು ಸುತ್ತು ಹಾಕಿ ಸರಾಸರಿಯಿಂದ ಬಿಡುತ್ತೇವೆ.

ಈಗ ಹುಡಿಗೆ ಬರೋಣ. ಒಂದು ಸಲಕ್ಕೆ ಒಂದೇ ವಸ್ತು. ಎರಡನ್ನು ಒಟ್ಟಿಗೆ ಶುರು ಮಾಡಿದರೆ ಯಾವುದು ಏನು ಮಾಡಿತು ಎಂದು ಹೇಳಲಾಗದು.

ನಮ್ಮ ಆಯ್ಕೆಯಲ್ಲಿ ಮೊದಲನೆಯದು ಹಲಸಿನ ಕಾಯಿಯ ಹುಡಿ. ಹಣ್ಣಿನದ್ದಲ್ಲ, ಬೆಳೆದ ಆದರೆ ಹಣ್ಣಾಗದ ಕಾಯಿಯದು. ಇದರ ಮೇಲೆ ಆಂಧ್ರದ ಶ್ರೀಕಾಕುಳಂನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಗಿದೆ. ಟೈಪ್ 2 ಮಧುಮೇಹದ 40 ಜನ, ದಿನಕ್ಕೆ 30 ಗ್ರಾಂ ಹುಡಿ, 12 ವಾರ, ಹುಡಿ ಯಾರಿಗೆ ಸಿಕ್ಕಿದೆ ಎಂದು ರೋಗಿಗೂ ಡಾಕ್ಟರಿಗೂ ಗೊತ್ತಿಲ್ಲದ ಹಾಗೆ. ಹುಡಿ ತಿಂದವರ ಎಚ್‌ಬಿಎ1ಸಿ ಸರಾಸರಿ ಸುಮಾರು 0.25ರಷ್ಟು ಇಳಿಯಿತು, ಇನ್ನೊಂದು ಗುಂಪಿನದು ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು. ಜನ ಕಡಿಮೆ, ಲಾಭವೂ ಸಣ್ಣದು, ಆದರೂ ಅಧ್ಯಯನದ ರೀತಿ ಅಚ್ಚುಕಟ್ಟಾಗಿದೆ. ಅಲ್ಲಿ ಗಮನಿಸಬೇಕಾದ್ದು ಒಂದು: 30 ಗ್ರಾಂ ಹುಡಿಯನ್ನು ಊಟದ ಮೇಲೆ ಸೇರಿಸಲಿಲ್ಲ, ಅಷ್ಟೇ ಅಳತೆಯ ಅಕ್ಕಿ ಅಥವಾ ಗೋಧಿ ಹಿಟ್ಟನ್ನು ತೆಗೆದು ಆ ಜಾಗಕ್ಕೆ ಹಾಕಿದರು. ನಮ್ಮ ಮನೆಗಳಲ್ಲಿ ಕೆಡುವುದೇ ಇಲ್ಲಿ. ಇದ್ದ ನಾಲ್ಕು ಚಪಾತಿ ತಿಂದು, ಅದರ ಮೇಲೆ ಮೂರು ಚಮಚ ಹುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿದರೆ ಪಿಷ್ಟ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಒಂದು ದೊಡ್ಡ ಚಮಚಕ್ಕೆ ಸುಮಾರು 10 ಗ್ರಾಂ, ದಿನಕ್ಕೆ ಮೂರು. ಚಪಾತಿಗೆ ಸೇರಿಸುವುದಾದರೆ ಎರಡು ಚಪಾತಿಯ ಹಿಟ್ಟಿನಿಂದ ಒಂದು ಚಮಚ ಗೋಧಿ ಹಿಟ್ಟು ತೆಗೆದು ಒಂದು ಚಮಚ ಹುಡಿ ಹಾಕಿ. ಇದರಲ್ಲಿ ಅಂಟು ಇಲ್ಲವಾದ್ದರಿಂದ ಅದಕ್ಕಿಂತ ಹೆಚ್ಚು ಹಾಕಿದರೆ ಲಟ್ಟಿಸುವಾಗ ಅಂಚು ಬಿರಿಯುತ್ತದೆ. ಬಿಸಿನೀರಿನಲ್ಲಿ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಟ್ಟರೆ ಮೆದುವಾಗುತ್ತದೆ. ಇಡ್ಲಿ, ದೋಸೆಗೆ ಹುದುಗು ಬಂದ ಹಿಟ್ಟಿಗೆ, ಎರೆಯುವ ಮುಂಚೆ ಬೆರೆಸಿ. ಹುಡಿ ನೀರು ಹೀರಿ ಹಿಟ್ಟು ಗಟ್ಟಿಯಾಗುತ್ತದೆ, ಎರಡು ಚಮಚ ನೀರು ಹೆಚ್ಚಿಗೆ ಬೇಕು. ಆಮೇಲೆ ತಟ್ಟೆಗೆ ಒಂದು ಇಡ್ಲಿ ಕಡಿಮೆ ಹಾಕಿಕೊಳ್ಳಿ. ಆ ಒಂದು ಇಡ್ಲಿಯೇ ಬದಲಿ. ಮೂರು ಹೊತ್ತೂ ಅನ್ನ ಉಣ್ಣುವ ಕರಾವಳಿಯ ಮನೆಗಳಲ್ಲಿ ಹುಡಿಯನ್ನು ಸಾರಿಗೆ, ದಾಲಿಗೆ ಕದಡಿ ಹಾಕುತ್ತೇವೆ, ಅನ್ನವನ್ನು ಒಂದು ಸೌಟು ಇಳಿಸುತ್ತೇವೆ. ಸೌಟು ಇಳಿಸಲು ಮನಸ್ಸಿಲ್ಲದವರಿಗೆ ಹುಡಿ ಕೊಡಿಸುವುದರಲ್ಲಿ ಅರ್ಥವಿಲ್ಲ, ಇದನ್ನು ಮುಖಕ್ಕೇ ಹೇಳುತ್ತೇವೆ.

ನಾರು ಒಮ್ಮೆಲೇ ಹೆಚ್ಚಾದರೆ ಹೊಟ್ಟೆ ಉಬ್ಬರ, ಗ್ಯಾಸ್. ಅದಕ್ಕೆ ಮೊದಲ ವಾರ ಒಂದು ಚಮಚದಿಂದ ಮೂರಕ್ಕೆ ಮೆಲ್ಲಗೆ ಏರಿಸಿ. ಈ ವಾರವನ್ನು ಅಳತೆಗೆ ಸೇರಿಸುವುದಿಲ್ಲ, ಮೂರು ಚಮಚ ಮುಟ್ಟಿದ ದಿನದಿಂದ ಹನ್ನೆರಡು ವಾರ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಬೆಳಿಗ್ಗೆ ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟೇ ತಿಂಡಿ ತಿನ್ನಬೇಕು, ನಾರು ಆ ಮಾತ್ರೆ ಹೀರಲು ಬಿಡುವುದಿಲ್ಲ. ಉತ್ತರ ಕನ್ನಡದಲ್ಲಿ ಬಾಕಾಹು ಎಂದು ಹೆಸರಾದ ಬಾಳೆಕಾಯಿ ಹುಡಿಯನ್ನೂ ಇದೇ ಕ್ರಮದಲ್ಲಿ ನೋಡಬಹುದು. ಅದರಲ್ಲಿ ಹಸಿಯಾಗಿದ್ದಾಗ ಜೀರ್ಣವಾಗದೆ ಉಳಿಯುವ ಪಿಷ್ಟ ಬೇಯಿಸಿದಾಗ ಬಹುಪಾಲು ಸಾಮಾನ್ಯ ಪಿಷ್ಟವಾಗಿಬಿಡುತ್ತದೆ. ಹಾಗಾಗಿ ಪೊಟ್ಟಣದ ಮೇಲಿನ ಹೊಗಳಿಕೆಯನ್ನು ರೊಟ್ಟಿಗೆ ಅನ್ವಯಿಸಬೇಡಿ.

ನೇರಳೆ ಬೀಜದ ಪುಡಿಯ ಮೇಲೆ ಜನರ ನಂಬಿಕೆ ಎಲ್ಲಕ್ಕಿಂತ ಹೆಚ್ಚು. ದಿನಕ್ಕೆ 10 ಗ್ರಾಂನಂತೆ ಮೂರು ತಿಂಗಳು ಕೊಟ್ಟು ನೋಡಿದ ಭಾರತದ ಒಂದು ಅಧ್ಯಯನದಲ್ಲಿ ಖಾಲಿ ಹೊಟ್ಟೆಯ ಶುಗರ್ ಇಳಿದದ್ದು ದಾಖಲಾಗಿದೆ. ಬ್ರೆಜಿಲ್‌ನಲ್ಲಿ ಇದೇ ಮರದ ಎಲೆಯ ಕಷಾಯವನ್ನು ಮಧುಮೇಹಿಗಳಿಗೆ ಕೊಟ್ಟು ನೋಡಿದಾಗ ಏನೂ ಇಳಿಯಲಿಲ್ಲ. ಆದ್ದರಿಂದ ಎಲೆ, ತೊಗಟೆ ಬೆರೆಸಿದ ಪುಡಿ ಬೇಡ, ಬರೀ ಬೀಜದ್ದು ಇರಲಿ. ಪಾಲ್ಘರ್ ಜಿಲ್ಲೆಯ ಬಹಾಡೋಲಿ, ಇತ್ತ ಬದಲಾಪುರ, ಎರಡೂ ಕಡೆಯ ನೇರಳೆಗೆ ಭೌಗೋಳಿಕ ಗುರುತಿನ ಮನ್ನಣೆ ಇದೆ. ಹಣ್ಣು ಚೆನ್ನಾಗಿ ಸಿಗುವ ಊರಿನಲ್ಲಿ ಬೀಜ ಮನೆಯಲ್ಲೇ ಪುಡಿ ಮಾಡೋಣ ಅನ್ನಿಸುವುದು ಸಹಜ. ಕಷ್ಟ ಏನೆಂದರೆ ಹಣ್ಣು ಬರುವುದು ಜೂನ್‌ನಲ್ಲಿ, ಮುಂಬೈಗೆ ಮಳೆ ಹಿಡಿಯುವ ವಾಡಿಕೆಯ ದಿನ ಜೂನ್ 11. ಬಾಲ್ಕನಿಯಲ್ಲಿ ಹರಡಿದ ಬೀಜ ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ತಿರುಳಿನ ಸಕ್ಕರೆ ಸ್ವಲ್ಪ ಉಳಿದಿದ್ದರೂ ಸಾಕು. ಬೀಜಗಳನ್ನು ನೀರಿನಲ್ಲಿ ನೆನೆಸಿ, ಒರಟು ಬಟ್ಟೆಯಲ್ಲಿ ತಿಕ್ಕಿ ತಿರುಳೆಲ್ಲ ಹೋಗುವವರೆಗೆ ತೊಳೆಯಿರಿ. ಫ್ಯಾನಿನ ಕೆಳಗೆ ಒಂದು ದಿನ ಆರಿಸಿ ಮೇಲಿನ ಸಿಪ್ಪೆ ತೆಗೆಯಿರಿ, ಒಳಗೆ ಹಸಿರು ಬೇಳೆ ಇರುತ್ತದೆ. ಅದನ್ನು ಓವನ್‌ನಲ್ಲಿ 50ರಿಂದ 60 ಡಿಗ್ರಿಯಲ್ಲಿ, ಮುರಿದರೆ ಟಕ್ ಎಂದು ತುಂಡಾಗುವವರೆಗೆ ಒಣಗಿಸಿ. ಬಾಗಿದರೆ ಇನ್ನೂ ತೇವ ಇದೆ. ಮೊದಲು ಕುಟ್ಟಾಣಿಯಲ್ಲಿ ಜಜ್ಜಿ ಆಮೇಲೆ ಮಿಕ್ಸಿಗೆ ಹಾಕಿ, ಜರಡಿ ಹಿಡಿದು, ಚಿಕ್ಕ ಗಾಜಿನ ಬಾಟಲಿಗಳಲ್ಲಿ ತುಂಬಿ. ಒಂದು ಬೀಜದಲ್ಲಿ ಬೂಸ್ಟು ಕಂಡರೂ ಆ ಕಂತು ಪೂರ್ತಿ ಎಸೆಯಿರಿ. ಹುರಿದರೆ ಬೂಸ್ಟಿನ ವಿಷ ಹೋಗುವುದಿಲ್ಲ.

ಪ್ರಮಾಣಕ್ಕೆ ಆಯುರ್ವೇದ ಫಾರ್ಮಕೋಪಿಯಾ (ಸರ್ಕಾರದ ಅಧಿಕೃತ ಔಷಧಿ ಗ್ರಂಥ) 3ರಿಂದ 6 ಗ್ರಾಂ ಎನ್ನುತ್ತದೆ, ನಾವು ದಿನಕ್ಕೆ 6 ಗ್ರಾಂ ದಾಟಿಸುವುದಿಲ್ಲ. ಚಮಚ ನಂಬಬೇಡಿ. ಅಡುಗೆಮನೆಯ ತಕ್ಕಡಿ 3 ಗ್ರಾಂ ಸರಿಯಾಗಿ ತೂಗುವುದಿಲ್ಲ, 30 ಗ್ರಾಂ ತೂಗಿ ಹತ್ತು ಪೊಟ್ಟಣ ಮಾಡಿ. ಬೀಜದಲ್ಲಿ ಒಗರು ಹೆಚ್ಚು, ಮಲಬದ್ಧತೆ ಬರುತ್ತದೆ. ಅದೇ ಒಗರು ಕಬ್ಬಿಣಾಂಶ ಹೀರುವುದನ್ನು ತಡೆಯುತ್ತದೆ. ರಕ್ತ ಕಡಿಮೆ ಇರುವ ಹೆಂಗಸರು ಇದನ್ನು ಊಟದ ಜೊತೆ, ಕಬ್ಬಿಣದ ಮಾತ್ರೆಯ ಜೊತೆ ತೆಗೆದುಕೊಳ್ಳಬಾರದು, ಎರಡು ಗಂಟೆಯ ಅಂತರ ಇರಲಿ. ಕಬ್ಬಿಣದ ಕೊರತೆ ಇದ್ದಾಗ ಎಚ್‌ಬಿಎ1ಸಿ ನಿಜಕ್ಕಿಂತ ಹೆಚ್ಚು ಬರುವುದೂ ಉಂಟು, ಹಾಗಾಗಿ ರಕ್ತಹೀನತೆ ಇದ್ದವರ ರಿಪೋರ್ಟನ್ನು ಹಿಮೋಗ್ಲೋಬಿನ್ ಜೊತೆಗಿಟ್ಟೇ ಓದಬೇಕು.

ಹಾಗಲಕಾಯಿಯ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆ ನಾಲ್ಕು ಅಧ್ಯಯನ, 479 ಜನರ ಮಾಹಿತಿ ಸೇರಿಸಿ ನೋಡಿ, ಇದನ್ನು ಮಧುಮೇಹಕ್ಕೆ ಸೂಚಿಸುವಷ್ಟು ಆಧಾರ ಇಲ್ಲ ಎಂದಿತು. ಪಲ್ಯ ಮಾಡಿ ತಿನ್ನಿ, ಕ್ಯಾಪ್ಸೂಲ್‌ಗೆ ಹಣ ಹಾಕುವುದು ಬೇಡ ಎನ್ನುವುದು ನಮ್ಮ ನಿಲುವು. ಆದರೆ ಪಾರ್ಕುಗಳ ಹೊರಗೆ ಬೆಳಿಗ್ಗೆ ಮಾರುವ ಹಸಿ ರಸದ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಅಲ್ಲಿ ಹಾಗಲಕಾಯಿ ರಸದ ಜೊತೆ ಸೋರೆಕಾಯಿ ರಸ ಬೆರೆಸಿ ಕೊಡುತ್ತಾರೆ. ಕೆಲವು ಸೋರೆಕಾಯಿ ಕಹಿ ಇರುತ್ತದೆ, ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ವಾಂತಿ, ರಕ್ತಭೇದಿ, ರಕ್ತದೊತ್ತಡ ಕುಸಿತ ಆಗಿ ಜನ ಸತ್ತಿದ್ದಾರೆ. 2012ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ಸಮಿತಿಯ ವರದಿ, ರಸ ತೆಗೆಯುವ ಮೊದಲು ಚೂರು ಕಚ್ಚಿ ನೋಡಿ, ಕಹಿ ಇದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ ಎಂದಿದೆ. ಹಾಗಲಕಾಯಿಯ ಕಹಿಯಲ್ಲಿ ಸೋರೆಕಾಯಿಯ ಕಹಿ ಗೊತ್ತಾಗುವುದೇ ಇಲ್ಲ. ಈ ಮಿಶ್ರಣವನ್ನು ಯಾರೂ ಕುಡಿಯಬಾರದು.

ನೆಲ್ಲಿಕಾಯಿಯಲ್ಲಿ ವಿಟಮಿನ್ ಸಿ ಹೇರಳ. ತೋಳಿಗೆ ಅಂಟಿಸುವ ಕೆಲವು ಗ್ಲೂಕೋಸ್ ಸೆನ್ಸರ್‌ಗಳು ಹೆಚ್ಚಿನ ವಿಟಮಿನ್ ಸಿ ಸೇವನೆಯಿಂದ ಶುಗರನ್ನು ಇರುವುದಕ್ಕಿಂತ ಮೇಲೆ ತೋರಿಸುತ್ತವೆ. ನೆಲ್ಲಿ ರಸದ ಜೊತೆ ವಿಟಮಿನ್ ಸಿ ಮಾತ್ರೆಯನ್ನೂ ತೆಗೆದುಕೊಳ್ಳುವವರು ಸೆನ್ಸರ್‌ನ ಕೈಪಿಡಿ ಓದಿಕೊಳ್ಳಲಿ. ನೋನಿ ರಸದಲ್ಲಿ ಪೊಟ್ಯಾಸಿಯಂ ಹೆಚ್ಚು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ತರಹದ ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತವೆ. ಮಧುಮೇಹದ ಜೊತೆ ಬಿಪಿ, ಸ್ವಲ್ಪ ಕಿಡ್ನಿ ತೊಂದರೆ ಇರುವವರಲ್ಲಿ ಇವೆರಡು ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಧಾರೆಹುಳಿ, ಬಿಂಬುಳಿಗಳ ಗಟ್ಟಿ ರಸವೂ ಬೇಡ, ಅದರ ಆಕ್ಸಲೇಟ್ ಕಿಡ್ನಿಯಲ್ಲಿ ಕಟ್ಟಿಕೊಳ್ಳುತ್ತದೆ. ಕೊಲೆಸ್ಟರಾಲ್ ಇಳಿಸಲೆಂದು ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟವರ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಸಾರಿಗೆ ಹಾಕುವ ಒಂದೆರಡು ಬಿಂಬುಳಿಯ ಮಾತಲ್ಲ ಇದು.

ಅಂಗಡಿಯ ಡಬ್ಬಿ ಕೊಳ್ಳುವವರು ಹಿಂದಿನ ಚೀಟಿ ಓದಬೇಕು. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಸಂಖ್ಯೆ ಅಥವಾ ಆಯುಷ್ ಲೈಸೆನ್ಸ್ ಇರಲಿ. ಪದಾರ್ಥಗಳಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಕಂಡರೆ ಬಿಡಿ, ತುಂಬಲು ಹಾಕುವ ಆ ಪಿಷ್ಟ ಶುಗರನ್ನು ಬೇಗ ಏರಿಸುತ್ತದೆ. ಮಧುಮೇಹ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಮಾಡುವುದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಡಿ ನಿಷಿದ್ಧ. ಹಾಗೆ ಬರೆದ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ. ಗಿಡಮೂಲಿಕೆ ಎಂದು ಮಾರಿದ ಮಧುಮೇಹದ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್ ಮಾತ್ರೆಯ ಔಷಧಿ ಬೆರೆತಿದ್ದನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪತ್ತೆ ಮಾಡಿ ಎಚ್ಚರಿಸಿದೆ. ಹಣ್ಣಿನ ಪುಡಿಯಿಂದ ಶುಗರ್ ನಾಲ್ಕೇ ದಿನದಲ್ಲಿ 250ರಿಂದ 110ಕ್ಕೆ ಬಂದರೆ ಸಂತೋಷಪಡುವ ಬದಲು ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ.

ಬೆವರು, ನಡುಕ, ಎದೆ ಹೊಡೆತ, ಮಾತು ತೊದಲುವುದು, ಹೀಗಾದರೆ ಕೂಡಲೇ ಮೀಟರ್ ಹಿಡಿಯಿರಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಸುಮಾರು ಮೂರು ಚಹಾ ಚಮಚ, ನೀರಿನಲ್ಲಿ ಕದಡಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಿ. ಆಗಲೂ 70 ಮುಟ್ಟದಿದ್ದರೆ ಮತ್ತೊಮ್ಮೆ. 54ಕ್ಕಿಂತ ಕೆಳಗೆ ಹೋದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ, ಚಾಕಲೇಟ್ ಕೊಟ್ಟರೆ ಬೇಗ ಕೆಲಸ ಮಾಡದು, ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅವರಿಗೆ ಗ್ಲೂಕೋಸೇ ಬೇಕು. ತುಂಬಿದ ಲೋಕಲ್‌ನಲ್ಲಿ ನೀರು ಕದಡಲು ಆಗುವುದಿಲ್ಲ, ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಚಿಕ್ಕ ಪೊಟ್ಟಣ ಇರಲಿ, ನೇರ ಬಾಯಿಗೆ ಹಾಕಿಕೊಳ್ಳಬಹುದು.

ಹನ್ನೆರಡು ವಾರಕ್ಕೆ ಎಚ್‌ಬಿಎ1ಸಿ. ಆರಂಭದಲ್ಲಿ ಮಾಡಿಸಿದ ಲ್ಯಾಬ್‌ನಲ್ಲೇ, ಅದೇ ವಿಧಾನದಲ್ಲಿ. ಇದು ಎರಡು-ಮೂರು ತಿಂಗಳ ಸರಾಸರಿ, ಕೊನೆಯ ಒಂದು ತಿಂಗಳಿನ ಪಾಲು ಅದರಲ್ಲಿ ಸುಮಾರು ಅರ್ಧ. ಇಲ್ಲಿ ಒಂದು ಮಾತನ್ನು ಮನೆಯವರಿಗೆ ಬಿಡಿಸಿ ಹೇಳುತ್ತೇವೆ. ಒಬ್ಬರ ಎಚ್‌ಬಿಎ1ಸಿಯಲ್ಲಿ 0.5ಕ್ಕಿಂತ ಕಡಿಮೆ ಬದಲಾವಣೆಯನ್ನು ಸಾಮಾನ್ಯವಾಗಿ ಅರ್ಥವುಳ್ಳದ್ದು ಎಂದು ಎಣಿಸುವುದಿಲ್ಲ. ಹಲಸಿನ ಹುಡಿಯ ಅಧ್ಯಯನದಲ್ಲಿ ಕಂಡದ್ದು 0.25. ಅಷ್ಟು ಸಣ್ಣ ಇಳಿತ ಗುಂಪಿನ ಸರಾಸರಿಯಲ್ಲಿ ಕಾಣುತ್ತದೆ, ಒಬ್ಬರ ರಿಪೋರ್ಟಿನಲ್ಲಿ ಕಾಣುವುದಿಲ್ಲ. 7.8 ಇದ್ದದ್ದು 7.6 ಆದರೆ ಹುಡಿ ಗೆದ್ದಿತು ಎನ್ನಲಾಗದು, 8.0 ಆದರೆ ಸೋತಿತು ಎಂದೂ ಅಲ್ಲ. ಅದಕ್ಕೇ ಜೋಡಿ ರೀಡಿಂಗ್‌ಗೆ ಅಷ್ಟು ಶ್ರಮ. ಕೊನೆಯ ನಾಲ್ಕು ವಾರದ ಎಂಟು ಏರಿಕೆಗಳ ಸರಾಸರಿ ತೆಗೆಯಿರಿ. 66 ಇದ್ದದ್ದು 62 ಆಗಿದ್ದರೆ ಏನೂ ಆಗಿಲ್ಲ. 40ರ ಆಸುಪಾಸಿಗೆ ಬಂದಿದ್ದರೆ ಮುಂದಿನ ಹೆಜ್ಜೆಗೆ ಹೋಗಬಹುದು.

ಮುಂದಿನ ಹೆಜ್ಜೆ ಹುಡಿ ನಿಲ್ಲಿಸುವುದು. ಎರಡು ವಾರ ಮೊದಲಿನ ಮೂರು ಇಡ್ಲಿ, ಹುಡಿ ಇಲ್ಲದೆ, ನಾಲ್ಕು ಜೋಡಿ ರೀಡಿಂಗ್. ಏರಿಕೆ ಮತ್ತೆ 60ರ ಮೇಲೆ ಹೋದರೆ ಕೆಲಸ ಮಾಡುತ್ತಿದ್ದದ್ದು ಹುಡಿ ಮತ್ತು ಆ ಕಡಿಮೆ ಮಾಡಿದ ಇಡ್ಲಿ. ನಿಲ್ಲಿಸಿದ ಮೇಲೂ 40ರಲ್ಲೇ ಇದ್ದರೆ ಬದಲಾದದ್ದು ಬೇರೇನೋ, ನಡಿಗೆಯೋ ತೂಕವೋ. ಇನ್ನೂ ಒಂದು ವಾರ ಸಮಯ ಇರುವವರಿಗೆ ಹುಡಿ ಹಾಕದೆ ಎರಡೇ ಇಡ್ಲಿಯಿಂದ ಎರಡು ಜೋಡಿ ತೆಗೆಯಿರಿ ಎನ್ನುತ್ತೇವೆ. ಏರಿಕೆ ಆಗಲೂ ಅಷ್ಟೇ ಕಡಿಮೆ ಇದ್ದರೆ ಲಾಭ ಇಡ್ಲಿ ಇಳಿಸಿದ್ದರಿಂದ ಬಂದದ್ದು, ಹುಡಿ ಕೊಳ್ಳುವ ಅಗತ್ಯವಿಲ್ಲ. ಹೊಟ್ಟೆ ತುಂಬಿದಂತಿರುತ್ತದೆ, ಹಾಗಾಗಿ ಅನ್ನ ಬಿಡಲು ಸುಲಭ ಎಂದು ಕೆಲವರು ಹುಡಿ ಮುಂದುವರಿಸುತ್ತಾರೆ, ಅದೂ ಸರಿಯಾದ ಕಾರಣವೇ.

ಡಾಕ್ಟರ ಬಳಿ ಹೋಗುವಾಗ ಪುಸ್ತಕ ಪೂರ್ತಿ ಒಯ್ದರೆ ನೋಡಲು ಅವರಿಗೆ ಸಮಯ ಇರುವುದಿಲ್ಲ. ಒಂದೇ ಹಾಳೆಯಲ್ಲಿ ಬರೆಯಿರಿ: ಆರಂಭದ, ಕೊನೆಯ ನಾಲ್ಕು ವಾರದ, ನಿಲ್ಲಿಸಿದ ಮೇಲಿನ ಏರಿಕೆಯ ಸರಾಸರಿ, ಮೂರೂ ಅವಧಿಯ ಖಾಲಿ ಹೊಟ್ಟೆಯ ಸರಾಸರಿ, ಎರಡು ಎಚ್‌ಬಿಎ1ಸಿ, 70ಕ್ಕಿಂತ ಕೆಳಗೆ ಹೋದ ದಿನಾಂಕ, ಸಮಯ, ಡಬ್ಬಿಯ ಎರಡೂ ಬದಿಯ ಫೋಟೋ. 70ಕ್ಕಿಂತ ಕೆಳಗೆ ಹೋದದ್ದು ಒಂದಕ್ಕಿಂತ ಹೆಚ್ಚು ಸಲ ಇದ್ದರೆ ಹನ್ನೆರಡು ವಾರ ಮುಗಿಯುವವರೆಗೆ ಕಾಯಬೇಡಿ, ಆ ವಾರವೇ ಹೋಗಿ. ಗ್ಲಿಮೆಪಿರೈಡ್ ಇಳಿಸಬೇಕೋ, ಊಟದ ಸಮಯ ಬದಲಿಸಬೇಕೋ ಎಂದು ಆ ಹಾಳೆ ನೋಡಿ ಅವರೇ ಹೇಳುತ್ತಾರೆ.